ಅರ್ಧ ದನಿಗೆ ಇಟ್ಟ ಲೆವೆಲ್ಲು

ಕಂಪ್ಯೂಟರಿನ ಪರದೆಯ ಮೇಲೆ ಸರಿಯಾಗಿ ಬಂದ ದನಿ ಜೋಳದ ಸಾಲಿನ ಹಾಗೆ ಕಾಣುತ್ತದೆ. ಒಂದು ತೆನೆ ಎತ್ತರ, ಒಂದು ಗಿಡ್ಡ, ಎಲ್ಲದರ ತುದಿಯೂ ಚೂಪು. ಹದ ಮೀರಿ ಜೋರಾಗಿ ಬಂದ ದನಿಗೆ ಆ ತುದಿ ಇರುವುದಿಲ್ಲ. ಯಾರೋ ಕುಡುಗೋಲು ಆಡಿಸಿದ ಹಾಗೆ ತಲೆಗಳೆಲ್ಲ ಒಂದೇ ಮಟ್ಟಕ್ಕೆ ಚಪ್ಪಟೆಯಾಗಿರುತ್ತವೆ. ಅಂಥ ಚಪ್ಪಟೆ ತಲೆಗಳನ್ನು ನಾನು ಹದಿನಾರು ದಿನ ಕೂತು ಒಂದೊಂದಾಗಿ ತಿದ್ದಿದ್ದೇನೆ. ತಿದ್ದಿ ಒಬ್ಬ ಹೆಣ್ಣುಮಗಳ ಬಾಳನ್ನು ಕೆಡಿಸಿದ್ದೇನೆ. ಈ ಮಾತನ್ನು ಹೇಳಬೇಕಾದ ಹೊತ್ತಿಗೆ, ಹೇಳಬೇಕಾದವರಿಗೆಲ್ಲ, ನಾನು ಹೇಳಲಿಲ್ಲ. ಹೇಳಿದರೆ ಮರ್ಯಾದೆ ಹೋಗುತ್ತದೆ ಅಂತ ಸುಮ್ಮನಿದ್ದೆ.

ಕ್ಯಾಸೆಟ್ಟು ಇನ್ನೂ ಪೂರ್ತಿ ಸತ್ತಿರಲಿಲ್ಲ, ಸೀಡಿ ಇನ್ನೂ ಎಲ್ಲರ ಮನೆಗೆ ಬಂದಿರಲಿಲ್ಲ. ಕೊಟ್ಟೂರಿನಲ್ಲಿ ಒಂದು ಹಳೇ ಹತ್ತಿ ಗೋದಾಮಿನ ಅರ್ಧವನ್ನು ಬಾಡಿಗೆಗೆ ಹಿಡಿದು ರಿಕಾರ್ಡಿಂಗ್ ಕೋಣೆ ಮಾಡಿಕೊಂಡಿದ್ದೆ. ದನಿ ಗೋಡೆಗೆ ಬಡಿದು ವಾಪಸು ಬರಬಾರದೆಂದು ನಾಲ್ಕೂ ಗೋಡೆಗೆ ನಮ್ಮವ್ವ ಹೊಲಿದ ಕೌದಿಗಳನ್ನು ಮೊಳೆ ಹೊಡೆದು ತೂಗುಹಾಕಿದ್ದೆ. ನೆಲಕ್ಕೆ ಗೋಣಿಚೀಲ, ಅದರ ಮೇಲೆ ಜಮಖಾನೆ. ಸದ್ದು ಬರುತ್ತದೆಂದು ಫ್ಯಾನು ಹಾಕುವಂತಿಲ್ಲ. ಭಜನೆ ಪದ, ಬಟ್ಟೆ ಅಂಗಡಿ ಜಾಹೀರಾತು, ಚುನಾವಣೆ ಬಂದರೆ ಆಟೋದಲ್ಲಿ ಕೂಗಿಸುವ ಪ್ರಚಾರ, ಇವಿಷ್ಟೇ ನನ್ನ ಕೆಲಸ. ಮೊದಲು ಟೇಪಿನಲ್ಲಿ ಮಾಡುತ್ತಿದ್ದೆ. ಹತ್ತು ತಿಂಗಳ ಹಿಂದೆ ಕಂಪ್ಯೂಟರು ತಂದಿದ್ದೆ. ನಮ್ಮ ಐದು ತಾಲೂಕಿನಲ್ಲಿ ಕಂಪ್ಯೂಟರ್ ಇಟ್ಟು ರಿಕಾರ್ಡಿಂಗ್ ಮಾಡುವವನು ನಾನೊಬ್ಬನೇ ಎಂದು ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದೆ. ಯಾರೂ ಕೇಳದಿದ್ದರೂ ಹೇಳುತ್ತಿದ್ದೆ.

ಹಗರಿಬೊಮ್ಮನಹಳ್ಳಿಯ ಕ್ಯಾಸೆಟ್ ವ್ಯಾಪಾರಿಯೊಬ್ಬರು ಆ ಹೆಮ್ಮೆಯ ವಾಸನೆ ಹಿಡಿದೇ ಬಂದರು. ಹಳ್ಳಿಗಳಲ್ಲಿ ಹುಡುಗರು ಕೂಡಿ ಆಡುವ ಸಾಮಾಜಿಕ ನಾಟಕವೊಂದನ್ನು ಪೂರಾ ರಿಕಾರ್ಡ್ ಮಾಡಿ ಮೂರು ಕ್ಯಾಸೆಟ್ಟಿನ ಸೆಟ್ಟು ತರಬೇಕು ಎಂಬುದು ಅವರ ವಿಚಾರ.

"ನೋಡ್ರಿ, ನಾಟಕ ಒಂದಿನ ಆಡ್ತಾರ, ಮುಗೀತು. ಕ್ಯಾಸೆಟ್ ಇದ್ರ ಟ್ರ್ಯಾಕ್ಟರಿನ್ಯಾಗ ಹಾಕ್ಕೊಂಡು ವರ್ಷಾನಗಟ್ಲೆ ಕೇಳ್ತಾರ," ಅಂದರು. "ಗಂಡು ಪಾತ್ರಕ್ಕ ಯಾರಾದ್ರೂ ನಡೀತೈತಿ. ನಾಯಕಿ ಮಾತ್ರ ಆ ಕೂಡ್ಲಿಗಿಯಕೀನ ಆಗ್ಬೇಕು. ಅಕಿ ಕೂಗು ಇಲ್ಲಂದ್ರ ಈ ನಾಟಕ ಯಾರು ಕೇಳ್ತಾರ?"

ಆ ನಟಿಯ ಹೆಸರು ಬೇಡ. ಆಗ ಆಕೆಗೆ ನಲವತ್ತರ ಹತ್ತಿರ. ನಮ್ಮ ಕಡೆ ಊರ ನಾಟಕದಲ್ಲಿ ಗಂಡಸರ ಪಾತ್ರಗಳನ್ನು ಊರವರೇ ಕಟ್ಟುತ್ತಾರೆ, ಹೆಣ್ಣು ಪಾತ್ರಗಳಿಗೆ ಮಾತ್ರ ಹೊರಗಿನಿಂದ ನಟಿಯರನ್ನು ಕರೆಸುತ್ತಾರೆ. ನಾಟಕದ ಕಮಿಟಿಯವರು ಮನೆಗೆ ಹೋಗಿ ಎಲೆ ಅಡಿಕೆಯ ಜೊತೆ ಮುಂಗಡದ ಹಣ ಇಟ್ಟು ಕೊಡುತ್ತಾರೆ. ಅದಕ್ಕೆ ವೀಳ್ಯ ಕೊಡುವುದು ಎನ್ನುತ್ತಾರೆ. ವೀಳ್ಯ ಬಂದರೆ ಒಲೆ ಹೊತ್ತುತ್ತದೆ, ಇಲ್ಲದಿದ್ದರೆ ಇಲ್ಲ. ಹೊಸ ನಟಿಯಾದರೆ ಕಣದ ಒಂದು ತುದಿಗೆ ಅವಳನ್ನು ನಿಲ್ಲಿಸಿ, ಇನ್ನೊಂದು ತುದಿಗೆ ಹಿರಿಯರು ನಿಂತು, ಒಂದು ಮಾತು ಹೇಳಿಸಿ ಕೇಳುತ್ತಾರೆ. ಮೈಕು ಇದ್ದರೂ ಕೇಳುತ್ತಾರೆ, ಯಾಕೆಂದರೆ ಕರೆಂಟು ಹೋದರೆ ನಾಟಕ ನಿಲ್ಲಬಾರದು. ಈಕೆಯನ್ನು ಹಾಗೆ ನಿಲ್ಲಿಸಿ ಕೇಳುವ ಕಾಲ ಇಪ್ಪತ್ತು ವರ್ಷದ ಹಿಂದೆಯೇ ಮುಗಿದಿತ್ತು. ಸುಗ್ಗಿ ಮುಗಿದು ಮುಂಗಾರು ಹಿಡಿಯುವವರೆಗೆ ಆಕೆ ತನ್ನ ಮನೆಯಲ್ಲಿ ಇರುತ್ತಿದ್ದ ದಿನಗಳೇ ಕಡಿಮೆ.

ನಾಟಕ ಬರೆದವರು ಹಡಗಲಿಯ ಪೇಟಿ ಮಾಸ್ತರರು, ಅಂದರೆ ಹಾರ್ಮೋನಿಯಂ ನುಡಿಸುತ್ತಾ ನಾಟಕ ಕಲಿಸುವವರು. ಕಥೆ ಹೊಸದೇನಲ್ಲ. ಗೌಡನ ಮನೆಯವರೇ ನಾಯಕಿಯ ಗಂಡನನ್ನು ಕೊಲ್ಲಿಸುತ್ತಾರೆ. ಕೊನೆಯ ದೃಶ್ಯದಲ್ಲಿ ಆಕೆ ಗಂಡನ ಹೆಣವನ್ನು ಬಂಡಿಯಲ್ಲಿ ಹೇರಿಕೊಂಡು ಗೌಡನ ಬಾಗಿಲಿಗೆ ಬಂದು ಕೂಗುತ್ತಾಳೆ: "ಕದಾ ತೆಗೀರಿ ಗೌಡ್ರ, ನಿಮ್ಮ ಮನಿ ಹೆಣಾ ನಿಮ್ಮ ಬಾಗಲಿಗೇ ತಂದೀನಿ." ಅಲ್ಲಿಂದ ಹನ್ನೊಂದು ನಿಮಿಷ ಆಕೆಯದೇ ಮಾತು. ಆ 'ಕದಾ' ಅನ್ನುವುದನ್ನು ಆಕೆ ಎಳೆದು ಕೂಗಿದರೆ ಜೋಳಿಗೆಯಲ್ಲಿ ಮಲಗಿದ ಕೂಸುಗಳು ಎಚ್ಚರಾಗುತ್ತವೆ ಎನ್ನುತ್ತಿದ್ದರು.

ಎರಡು ಮಧ್ಯಾಹ್ನ ರಿಕಾರ್ಡಿಂಗ್ ಇಟ್ಟೆವು. ಮಧ್ಯಾಹ್ನವೇ ಯಾಕೆಂದರೆ ಉಣ್ಣುವ ಹೊತ್ತಿಗೆ ಅಂಗಡಿಗಳು ಅರ್ಧ ಬಾಗಿಲು ಹಾಕುತ್ತವೆ, ರಸ್ತೆಯಲ್ಲಿ ಸದ್ದು ಇಳಿಯುತ್ತದೆ. ಮೊದಲ ದಿನ ಎಲ್ಲ ಸುಸೂತ್ರ ನಡೆಯಿತು. ಎರಡನೇ ದಿನಕ್ಕೆ ಕೊನೆಯ ದೃಶ್ಯ ಉಳಿದಿತ್ತು. ಕೌದಿಗಳ ನಡುವೆ ಸೆಕೆಯಲ್ಲಿ ಎಲ್ಲರೂ ಬೆಂದುಹೋಗಿದ್ದೆವು. ನಾಲ್ಕಕ್ಕೆ ಕರೆಂಟು ಹೋಗುವುದು ದಿನದ ಪಾಡು. ಮೂರೂ ಕಾಲಾಗಿತ್ತು.

"ಅಕ್ಕಾರ, ಲೆವೆಲ್ ನೋಡ್ಬೇಕು. ಜೋರು ಬರೋ ಮಾತು ಒಂದು ಹೇಳ್ರಿ," ಅಂದೆ.

ಆಕೆ ಮೈಕಿನ ಮುಂದೆ ಬಂದು ನಿಂತು ಆ ಮಾತು ಹೇಳಿದರು. ಪರದೆಯ ಮೇಲೆ ದನಿಯ ಜೋರು ತೋರಿಸುವ ಹಸಿರು ಪಟ್ಟಿ ಅರ್ಧಕ್ಕೆ ಬಂದು ಇಳಿಯಿತು.

"ಇದು ಪೂರಾ ದನಿ ಅಲ್ರಿ ಅಣ್ಣಾರ. ತಾಲೀಮಿನ್ಯಾಗ ಪೂರಾ ತೆಗೆಯೋದಿಲ್ಲ ನಾನು. ಇಲ್ಲಿ ತೆಗೆದ್ರ ಪಾತ್ರದಾಗ ಬರೋದಿಲ್ಲ," ಅಂದರು.

ಇದು ಆಕೆಯೊಬ್ಬರ ರೂಢಿಯಲ್ಲ, ನಮ್ಮ ಕಡೆಯ ಎಲ್ಲ ನಟಿಯರ ರೂಢಿ. ದನಿಯೇ ಅವರ ಬಂಡವಾಳ, ತಾಲೀಮಿಗೆ ಅದನ್ನು ಖರ್ಚು ಮಾಡುವುದಿಲ್ಲ. ನನಗೆ ಗೊತ್ತಿರಬೇಕಾಗಿತ್ತು. ಗೊತ್ತಿರಲಿಲ್ಲ ಅಂತ ಹೇಳುವಂತೆಯೂ ಇಲ್ಲ, ಆಕೆಯೇ ಬಾಯಿಬಿಟ್ಟು ಹೇಳಿದ್ದರಲ್ಲ.

ಆದರೆ ನನಗೆ ಟೇಪಿನ ಚಟ ಇತ್ತು. ಟೇಪಿನಲ್ಲಿ ದನಿಯನ್ನು ಸಣ್ಣಗೆ ತುಂಬಿಸಿದರೆ ಹಿಂದೆ ಸುಸ್ಸೆನ್ನುವ ಸದ್ದು ಉಳಿಯುತ್ತದೆ, ಅದಕ್ಕೆ ನಾವು ಆದಷ್ಟು ಜೋರಾಗಿ ತುಂಬಿಸುತ್ತಿದ್ದೆವು. ಮೀಟರಿನ ಮುಳ್ಳು ಸ್ವಲ್ಪ ಕೆಂಪಿಗೆ ಹೋದರೂ ಟೇಪು ತಡೆದುಕೊಳ್ಳುತ್ತದೆ, ದನಿ ದಪ್ಪಗಾಗುತ್ತದೆ ಅಷ್ಟೆ. ಕಂಪ್ಯೂಟರು ಹಾಗಲ್ಲ. ದನಿ ಪಟ್ಟಿಯ ತುತ್ತತುದಿಯ ಸೊನ್ನೆಯ ಗೆರೆ ಮುಟ್ಟಿತೋ, ಅದರ ಮೇಲಿನದನ್ನೆಲ್ಲ ಕತ್ತರಿಸಿ ಎಸೆಯುತ್ತದೆ. ಎಸೆದದ್ದು ಎಲ್ಲಿಯೂ ಉಳಿದಿರುವುದಿಲ್ಲ. ಇದನ್ನು ಪುಸ್ತಕದಲ್ಲಿ ಓದಿದ್ದೆ. ಕೈಗೆ ಇನ್ನೂ ಬಂದಿರಲಿಲ್ಲ. ಹಸಿರು ಪಟ್ಟಿ ಅರ್ಧಕ್ಕೇ ನಿಂತದ್ದು ನೋಡಿ ತಡೆಯಲಾರದೆ ಮೈಕಿನ ದನಿ ಹೆಚ್ಚುಕಡಿಮೆ ಮಾಡುವ ಗೇನ್ ತಿರುಪನ್ನು ಏರಿಸಿದೆ. ಮುಕ್ಕಾಲಿಗೆ ಬಂತು. ಉಳಿದ ಕಾಲು ಭಾಗ ಆಕೆಯ ಪೂರಾ ದನಿಗೆ ಸಾಕು ಅಂದುಕೊಂಡೆ. ಮೈಕನ್ನೂ ಹಿಂದಕ್ಕೆ ಸರಿಸಲಿಲ್ಲ, ಒಂದು ಗೇಣಿನ ದೂರದಲ್ಲೇ ಇತ್ತು.

ಪೇಟಿ ಮಾಸ್ತರರು ಶ್ರುತಿ ಹಿಡಿದರು. ಆಕೆ ಚಪ್ಪಲಿ ಬಿಟ್ಟು, ಸೆರಗು ಸೊಂಟಕ್ಕೆ ಸಿಗಿಸಿ, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ನಿಂತರು. ಆಮೇಲೆ ಕೂಗಿದರು.

ಹೆಡ್‌ಫೋನಿನಲ್ಲಿ ನನ್ನ ಕಿವಿಗೆ ಹೊಡೆದ ಹಾಗಾಯಿತು. ಪರದೆಯಲ್ಲಿ ಕೆಂಪು ಹತ್ತಿತು, ಹತ್ತಿದ್ದು ಆರಲಿಲ್ಲ. 'ಕದಾ' ಎಂಬುದರ ಬೆನ್ನಿಗೆ ಹಂಚು ಒಡೆಯುವಂಥ ಕರಕರ ಸದ್ದು ಕೇಳಿಸುತ್ತಿತ್ತು. ನಾನು ಕೈ ಎತ್ತಿ ನಿಲ್ಲಿಸಬೇಕಿತ್ತು. ಎತ್ತಲಿಲ್ಲ. ಪೇಟಿ ಮಾಸ್ತರರು ಒಂದು ಕೈಯಲ್ಲಿ ತಿದಿ ಒತ್ತುತ್ತಾ ಇನ್ನೊಂದು ಕೈಯಲ್ಲಿ ಕಣ್ಣು ಒರೆಸುತ್ತಿದ್ದರು. ಗೌಡನ ಪಾತ್ರದವನು, ಹಾಳೆ ನೋಡಿ ಓದುವವನು, ಓದುವುದನ್ನು ಮರೆತು ಆಕೆಯ ಮುಖ ನೋಡುತ್ತಿದ್ದ. ಇಂಥ ಹೊತ್ತಿನಲ್ಲಿ ನಿಲ್ಲಿಸಿ, ತಪ್ಪು ನನ್ನದು, ಇನ್ನೊಮ್ಮೆ ಮಾಡೋಣ ಎನ್ನಲು ನಾಲಿಗೆ ಏಳಲಿಲ್ಲ. ಹೆಡ್‌ಫೋನೇ ಕೆಟ್ಟಿರಬೇಕು, ಕಂಪ್ಯೂಟರಿನೊಳಗೆ ಸರಿ ಇದ್ದೀತು ಎಂದು ನನಗೆ ನಾನೇ ಹೇಳಿಕೊಂಡೆ. ಹನ್ನೊಂದು ನಿಮಿಷ ಹಾಗೇ ಹೋಯಿತು.

ಮುಗಿದ ಮೇಲೆ ಆಕೆ ಗೋಡೆಗೆ ಒರಗಿ ಕೂತು ನೀರು ಕುಡಿದರು. "ಬಂತೇನ್ರಿ?" ಅಂತ ಕೇಳಿದರು.

"ಚಲೋ ಬಂತ್ರಿ ಅಕ್ಕಾರ," ಅಂದೆ.

ಎಲ್ಲರೂ ಹೋದ ಮೇಲೆ, ಕರೆಂಟು ಬಂದ ಮೇಲೆ, ಫೈಲು ತೆಗೆದು ನೋಡಿದೆ. ಕೂಗಿನ ಕಡೆಯೆಲ್ಲ ಕುಡುಗೋಲು ಆಡಿತ್ತು.

ಕೂಡ್ಲಿಗಿಯಲ್ಲಿ ಆಕೆಯ ಓಣಿಯ ಕಿರಾಣಿ ಅಂಗಡಿಗೆ ಫೋನಿತ್ತು. ಒಂದು ಫೋನು ಮಾಡಿ, ಮಿಷನ್ನಿನಲ್ಲಿ ತೊಂದರೆಯಾಗಿದೆ, ಇನ್ನೊಮ್ಮೆ ಬನ್ನಿ ಎಂದಿದ್ದರೆ ಆಕೆ ಬೈದುಕೊಂಡಾದರೂ ಬರುತ್ತಿದ್ದರು. ನಂಬರು ಬರೆದ ಚೀಟಿ ಮೇಜಿನ ಮೇಲೇ ಇತ್ತು. ಆದರೆ ಹಾಗೆ ಮಾಡಿದರೆ ವ್ಯಾಪಾರಿಗೆ ತಿಳಿಯುತ್ತದೆ, ಪೇಟಿ ಮಾಸ್ತರರಿಗೆ ತಿಳಿಯುತ್ತದೆ, ಕಂಪ್ಯೂಟರ್ ಇಟ್ಟಿದ್ದಾನೆ ಆದರೆ ಲೆವೆಲ್ ಇಡಲು ಬರುವುದಿಲ್ಲ ಎಂದು ಐದು ತಾಲೂಕಿಗೂ ತಿಳಿಯುತ್ತದೆ. ನಾನು ಫೋನು ಮಾಡಲಿಲ್ಲ. ತಿದ್ದಲು ಕೂತೆ.

ಮೊದಲು ದನಿಯನ್ನು ಪೂರ್ತಿ ತಗ್ಗಿಸಿ ನೋಡಿದೆ. ಚಪ್ಪಟೆ ತಲೆ ಗಿಡ್ಡವಾಯಿತು, ಚಪ್ಪಟೆಯಾಗಿಯೇ ಇತ್ತು. ಆಮೇಲೆ ಗೆರೆಯನ್ನು ದೊಡ್ಡದು ಮಾಡಿ, ಪೆನ್ಸಿಲಿನ ಗುರುತಿರುವ ಉಪಕರಣ ಹಿಡಿದು, ಪ್ರತಿ ಚಪ್ಪಟೆ ತಲೆಯ ಮೇಲೂ ಕಣ್ಣಂದಾಜಿನಲ್ಲಿ ಒಂದು ಗೋಪುರ ಬರೆಯತೊಡಗಿದೆ. ಒಂದು ಕೂಗಿಗೆ ಇಂಥವು ನೂರಾರು. ದಿನಕ್ಕೆ ಅರ್ಧ ನಿಮಿಷ, ಕೆಲವು ದಿನ ಮುಕ್ಕಾಲು ನಿಮಿಷದ ಕೂಗು ಮುಗಿಯುತ್ತಿತ್ತು. ಮೌಸು ಹಿಡಿದ ಮಣಿಕಟ್ಟು ಬಾತುಕೊಂಡಿತು. ನಾನು ಬರೆದ ಗೋಪುರ ಆಕೆಯದಲ್ಲ, ನನ್ನದು. ಅದನ್ನು ಹಾಕಿ ಕೇಳಿದರೆ ಕರಕರ ಕಡಿಮೆಯಾಗಿತ್ತು, ಹೋಗಿರಲಿಲ್ಲ. ಅದಕ್ಕೆ ಮೇಲಿನ ಚೂಪು ಸ್ವರಗಳನ್ನೆಲ್ಲ ಸೋಸಿ ತೆಗೆದೆ. ಕರಕರ ಹೋಯಿತು, ಜೊತೆಗೆ ಆಕೆಯ 'ಕ'ದ ಪೆಟ್ಟೂ ಹೋಯಿತು. ಗೇನ್ ಏರಿಸಿದ್ದರಿಂದ ಕೋಣೆಯ ಹುಂಯ್ ಎನ್ನುವ ಸದ್ದು ತುಂಬಿಕೊಂಡಿತ್ತು. ಮಾತಿಲ್ಲದ ಕಡೆಯ ಎರಡು ಸೆಕೆಂಡಿನ ಮಾದರಿ ತೋರಿಸಿ, ಇಂಥ ಸದ್ದನ್ನೆಲ್ಲ ತೆಗೆ ಎಂದು ಕಂಪ್ಯೂಟರಿಗೆ ಒಪ್ಪಿಸಿದೆ. ಅದು ಅದನ್ನೂ ತೆಗೆದು ದನಿಯನ್ನೂ ತೆಳ್ಳಗೆ ಮಾಡಿತು, ನೀರಿನೊಳಗೆ ಬಾಯಿ ಇಟ್ಟು ಮಾತಾಡಿದ ಹಾಗೆ. ಕೊನೆಗೆ ಎಲ್ಲ ಕಡೆ ಒಂದೇ ಮಟ್ಟ ಬರಲೆಂದು ಜೋರಿದ್ದನ್ನು ಒತ್ತಿ, ಸಣ್ಣದನ್ನು ಎತ್ತಿದೆ. ಆಕೆ ಪಿಸುಗುಡುವುದೂ ಕೂಗುವುದೂ ಒಂದೇ ಎತ್ತರಕ್ಕೆ ಬಂತು.

ಹದಿನಾರನೇ ದಿನ ಕಣ್ಣು ಮುಚ್ಚಿ ಪೂರಾ ಕೇಳಿದೆ. ಸ್ವಚ್ಛವಾಗಿತ್ತು. ಎಲ್ಲಿಯೂ ಒಂದು ಕಲೆ ಇರಲಿಲ್ಲ. ಮುಚ್ಚಿದ ಕೋಣೆಯೊಳಗೆ ಕಂಬಳಿ ಹೊದ್ದು ಯಾರೋ ಸೀಕು ಹೆಂಗಸು, ಬಾಗಿಲು ತೆಗೆಯಿರಪ್ಪಾ ಎಂದು ಕೇಳಿಕೊಳ್ಳುತ್ತಿದ್ದಳು.

ವ್ಯಾಪಾರಿ ಬಂದು ಕೇಳಿದರು. ಹುಬ್ಬು ಗಂಟಿಕ್ಕಿದರು.

"ಏನ್ರೀ ಇದು? ಅಕಿ ದನಿ ಹಿಂಗ್ಯಾಕೈತಿ?"

ಆಗಲೂ ಸಮಯ ಇತ್ತು. ನನ್ನ ಬಾಯಿಂದ ಬಂದದ್ದು ಇಷ್ಟು: "ಅವತ್ತು ಅಕ್ಕಾರ ಗಂಟಲ ಕೆಟ್ಟಿತ್ರಿ. ವಯಸ್ಸಾತಲ್ರಿ, ಕೂಗು ತಡಿಯೋದಿಲ್ಲ. ನಾನಾ ಕಂಪ್ಯೂಟರಿನ್ಯಾಗ ಹದಿನಾರು ದಿನ ಕುಂತು ಇಷ್ಟಾದ್ರೂ ಸುದ್ದ ಮಾಡೀನಿ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕುಣಿದವಳ ಕಾಲೇ ಡೊಂಕು ಎಂದೆ. ವ್ಯಾಪಾರಿ ತಲೆದೂಗಿದರು. "ಭಾಳ ಕೆಲಸ ಹಿಡದಿರಬೇಕಲ್ರಿ," ಅಂದರು. ಅವರ ಮುಖದಲ್ಲಿ ನನ್ನ ಬಗ್ಗೆ ಗೌರವ ಹುಟ್ಟಿದ್ದು ಕಂಡು, ನಾಚಿಕೆಗೇಡು, ನನಗೆ ಖುಷಿಯೇ ಆಯಿತು.

ಕ್ಯಾಸೆಟ್ಟು ಚೆನ್ನಾಗಿ ಹೋಯಿತು. ಹೊಳಲಿನಿಂದ ಹಿಡಿದು ಹರಪನಹಳ್ಳಿಯವರೆಗೆ ಟೀ ಅಂಗಡಿ, ಟ್ರ್ಯಾಕ್ಟರು, ಹಿಟ್ಟಿನ ಗಿರಣಿ, ಎಲ್ಲಿ ನೋಡಿದರೂ ಅದೇ. ವ್ಯಾಪಾರಿ ಅದನ್ನು ಮಾರುವಾಗ ಕತೆಯೊಂದನ್ನು ಸೇರಿಸಿ ಮಾರುತ್ತಿದ್ದರು. ಆಕೆಯ ಗಂಟಲು ಹೋಗಿದೆ, ಕೊಟ್ಟೂರಿನ ನಮ್ಮ ಹುಡುಗ ಕಂಪ್ಯೂಟರ್ ಹಾಕಿ ಕೆಟ್ಟ ದನಿಯನ್ನು ರಿಪೇರಿ ಮಾಡಿದ್ದಾನೆ, ಕೇಳಿ ನೋಡಿ. ಜನ ಕೇಳಿ ನೋಡಿದರು. ನನಗೆ ಕೆಲಸ ಹೆಚ್ಚಾಯಿತು. ಯಾರದೋ ಅಜ್ಜನ ಹಳೇ ಭಜನೆ ಟೇಪು ಸ್ವಚ್ಛ ಮಾಡಿಕೊಡಿ ಅಂತ ದೂರದಿಂದ ಬರತೊಡಗಿದರು.

ಮರುವರ್ಷ ಸುಗ್ಗಿ ಮುಗಿದು ನಾಟಕದ ಕಾಲ ಅರ್ಧ ಕಳೆದಿತ್ತು. ಒಂದು ಮಧ್ಯಾಹ್ನ ಆಕೆ ಒಬ್ಬರೇ ಬಂದರು. ನಾಟಕದ ಕಾಲದಲ್ಲಿ ಆಕೆ ಮಧ್ಯಾಹ್ನ ಎಲ್ಲಿಯೂ ಬಿಡುವಾಗಿ ಇರುವವರಲ್ಲ. ನಾನು ಕೆಳಗೆ ಬಿದ್ದಿದ್ದ ವೈರು ಎತ್ತಿ ಸುತ್ತತೊಡಗಿದೆ.

"ಈ ವರ್ಷ ಮೂರಾ ವೀಳ್ಯ ಬಂದಾವ್ರಿ ಅಣ್ಣಾರ," ಅಂದರು. "ಯಾರನ್ನ ಕೇಳಿದ್ರೂ ನಿನ್ನ ಗಂಟಲ ಹೋಗೈತಂತಲ್ಲವಾ ಅಂತಾರ. ಯಾರು ಹೇಳಿದ್ರು ಅಂದ್ರ ಕ್ಯಾಸೆಟ್ ಕೇಳೀವಿ ಅಂತಾರ. ನಾನೂ ಕೇಳೀನ್ರಿ ಅದನ್ನ. ನನ್ನ ದನಿ ನನಗಾ ಗುರುತು ಸಿಗಲಿಲ್ಲ. ಅವತ್ತು ನನ್ನ ಗಂಟಲ ಏನಾಗಿತ್ತು? ಏನೂ ಆಗಿದ್ದಿಲ್ಲಲ್ಲ?"

ನಾನು ವೈರು ಸುತ್ತುತ್ತಾ ಇದ್ದೆ. "ಕ್ಯಾಸೆಟ್ಟಿಗೆ ತುಂಬೋವಾಗ ಹೆಚ್ಚುಕಡಿಮಿ ಆಗಿರ್ತೈತ್ರಿ," ಅಂದೆ.

ಆಕೆ ಬಂದದ್ದು ಜಗಳಕ್ಕಲ್ಲ. ಆ ದೃಶ್ಯವನ್ನು ಇನ್ನೊಮ್ಮೆ ರಿಕಾರ್ಡ್ ಮಾಡಿ ಒಂದು ಕ್ಯಾಸೆಟ್ಟು ಕೊಟ್ಟರೆ ಕಮಿಟಿಯವರಿಗೆ ಹಾಕಿ ತೋರಿಸುತ್ತೇನೆ ಎಂದರು. ಅವತ್ತೇ ಕೂತೆವು. ಮೈಕನ್ನು ನಾಲ್ಕು ಮೊಳ ಹಿಂದೆ ಸರಿಸಿ, ಆಕೆಯ ತಲೆಗಿಂತ ಮೇಲೆ ಎತ್ತಿ, ಬಾಯಿಗೆ ನೇರ ಬಾರದಂತೆ ಓರೆ ಮಾಡಿದೆ. ಅರ್ಧ ದನಿಯಲ್ಲಿ ಮಾತು ಹೇಳಿಸಿ, ಪಟ್ಟಿ ಕಾಲು ಭಾಗಕ್ಕಿಂತ ಮೇಲೆ ಏರದಂತೆ ಗೇನ್ ಇಳಿಸಿದೆ. ಆಕೆ ಕೂಗಿದರು. ತೆನೆಗಳು ಚೂಪಾಗಿ ನಿಂತವು. ಒಂದೇ ಸಲಕ್ಕೆ ಮುಗಿಯಿತು. ಒಂದು ಗೆರೆಯನ್ನೂ ತಿದ್ದಬೇಕಾಗಿರಲಿಲ್ಲ. ಮೈಕು ಸರಿಸಿದ್ದು, ತಿರುಪು ಇಳಿಸಿದ್ದು, ಎಲ್ಲ ಸೇರಿ ಅರ್ಧ ಗಂಟೆಯ ಕೆಲಸ.

ಕ್ಯಾಸೆಟ್ಟು ಕೈಗೆ ಕೊಟ್ಟಾಗ ಆಕೆ ಹೇಳಿದರು, "ನೀವೂ ಬರ್ರಿ ಅಣ್ಣಾರ. ಬಾಗಳಿ ಆಕಡಿ ಒಂದು ಊರಾಗ ನಾಟಕ ಹಿಡದಾರ, ನಾಯಕಿ ಪಾತ್ರಕ್ಕ ಹುಡುಕಾಕ ಹತ್ಯಾರ. ಮಿಷನ್ ಬಲ್ಲವ್ರು ನೀವು. ನೀವು ಹೇಳಿದ್ರ ನಂಬ್ತಾರ."

ಬರುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ಮರುದಿನ ಹರಪನಹಳ್ಳಿ ಬಸ್ಸು ಹಿಡಿದು, ಅಲ್ಲಿಂದ ಟೆಂಪೋದಲ್ಲಿ ಹೋದೆವು. ಕಮಿಟಿಯ ಯಜಮಾನರು ಹಿಟ್ಟಿನ ಗಿರಣಿ ಇಟ್ಟವರು. ಗಿರಣಿ ನಿಲ್ಲಿಸಿ, ಕಟ್ಟೆಯ ಮೇಲೆ ನಾಲ್ಕೈದು ಜನರನ್ನು ಕೂಡಿಸಿ, ಟೇಪ್‌ರಿಕಾರ್ಡರ್ ತರಿಸಿದರು. ಆಕೆಯ ಕೂಗು ಆ ತಗಡಿನ ಚಪ್ಪರದ ಕೆಳಗೆ ಕೂತವರನ್ನು ಅಲುಗಾಡಿಸಿತು. ಮುಗಿದ ಮೇಲೆ ಯಜಮಾನರು ಟೇಪು ಆರಿಸಿ ನನ್ನ ಕಡೆ ತಿರುಗಿ ನಕ್ಕರು.

"ಭಾರಿ ಮಾಡಿರಿ ಬಿಡ್ರಿ. ಮೊದಲಿನದಕ್ಕಿಂತ ಇದು ಚೆನ್ನಾಗಿ ರಿಪೇರಿ ಆಗೈತೆ."

ಆಕೆಗೆ ಅರ್ಥವಾಗಲಿಲ್ಲ. "ರಿಪೇರಿ ಏನ್ರೀ? ಇದು ನಂದಾ ದನಿ."

"ಅಲ್ಲಮ್ಮಾ, ನಿನ್ನ ಗಂಟಲು ಹೋಗೈತೆ, ಕೂಗು ತಡೆಯಲ್ಲ ಅಂತ ಇವ್ರೇ ಹೇಳ್ಯಾರಂತಲ್ಲ. ಕ್ಯಾಸೆಟ್ಟಿನ ಸಾವ್ಕಾರ ಊರ ತುಂಬ ಹೇಳ್ತಾ ತಿರುಗ್ಯಾನೆ. ಕಂಪ್ಯೂಟರಿನಾಗೆ ಏನು ಬೇಕಾದ್ರೂ ಮಾಡಬಹುದಂತೆ."

ಆಕೆ ನನ್ನ ಕಡೆ ತಿರುಗಿದರು. ಬೈಯಲಿಲ್ಲ. ನಾನು ಇಲ್ಲವೆನ್ನುತ್ತೇನೆ ಎಂದು ಕಾಯುತ್ತಿದ್ದರು. ಅದು ನನಗೆ ಬೈಗುಳಕ್ಕಿಂತ ಕಷ್ಟವಾಯಿತು.

"ನಾನಾ ಹೇಳಿದ್ದು ಖರೇರಿ," ಅಂದೆ. "ಆದ್ರ ಅದು ಸುಳ್ಳು. ಅಕ್ಕಾರ ಗಂಟಲಕ್ಕ ಏನೂ ಆಗಿದ್ದಿಲ್ಲ. ಲೆವೆಲ್ ಇಡಾಕ ನನಗ ಬರಲಿಲ್ಲ. ಕೆಡಿಸಿದಾವ ನಾನು. ನನ್ನ ತಪ್ಪು ಮುಚ್ಚಾಕ ಹಂಗಂದೆ."

ಆಮೇಲೆ ಮೂಲೆಯಲ್ಲಿ ಕೂತವನೊಬ್ಬ ಬೀಡಿ ಹೊತ್ತಿಸುತ್ತಾ, "ಅಕಿನೇ ಕರಕೊಂಡು ಬಂದಾಳೆ, ಅಕಿ ಪರವಾಗಿ ಹೇಳದೆ ಏನು ಮಾಡ್ತಾನೆ ಪಾಪ," ಅಂದ. ಇಬ್ಬರು ಮೂವರು ನಕ್ಕರು. ಸುಳ್ಳು ಹೇಳಿದಾಗ ಒಬ್ಬನೂ ಅನುಮಾನ ಪಟ್ಟಿರಲಿಲ್ಲ.

ಯಜಮಾನರು ಗಡ್ಡ ಕೆರೆದುಕೊಂಡು, ಸ್ವಲ್ಪ ಮುಜುಗರದಿಂದಲೇ, "ಒಂದು ಮಾತು ಇಲ್ಲೇ ಕಣದಾಗೆ ಹೇಳಿಬಿಡಮ್ಮಾ, ಕೇಳ್ತೀವಿ," ಅಂದರು.

ಇಪ್ಪತ್ತು ವರ್ಷದ ಮೇಲೆ ಆಕೆಯನ್ನು ಹೊಸ ಹುಡುಗಿಯ ಹಾಗೆ ಪರೀಕ್ಷೆಗೆ ನಿಲ್ಲಿಸಿದ್ದರು. ಎದ್ದು ಹೋಗಿಬಿಡುತ್ತಾರೆ ಅಂದುಕೊಂಡೆ. ಆಕೆ ಚಪ್ಪಲಿ ಬಿಟ್ಟು ಕಣದ ಆ ತುದಿಗೆ ನಡೆದರು. ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಕೂಗಿದರು. ಬೋರಿನ ಹತ್ತಿರ ಕೊಡ ಹಿಡಿದಿದ್ದ ಹೆಂಗಸರು ತಿರುಗಿ ನೋಡಿದರು. ಮೇಯುತ್ತಿದ್ದ ಎಮ್ಮೆಯೊಂದು ಕಿವಿ ನಿಮಿರಿಸಿತು. ಬೀಡಿಯವನು ಬೀಡಿ ಕೆಳಗಿಳಿಸಿದ. ಆಕೆ ಒಂದು ಮಾತಿಗೆ ನಿಲ್ಲಿಸಲಿಲ್ಲ, ಹನ್ನೊಂದು ನಿಮಿಷದ ಆ ಮಾತನ್ನು ಬಿಸಿಲಿನಲ್ಲಿ ನಿಂತು ಪೂರಾ ಹೇಳಿದರು. ಅಷ್ಟು ಹೊತ್ತೂ ನನ್ನ ಕಡೆ ಒಮ್ಮೆಯೂ ನೋಡಲಿಲ್ಲ.

ವಾಪಸು ಬಂದಾಗ ಯಜಮಾನರ ಮುಖ ಇಳಿದಿತ್ತು. ದನಿ ಚೆನ್ನಾಗಿದೆ, ಒಪ್ಪಿದೆವು ಎಂದರು. "ಆದ್ರೆ ನಿನ್ನೆನೇ ದಾವಣಗೆರೆ ಹುಡುಗಿಗೆ ನಾಯಕಿ ವೀಳ್ಯ ಕೊಟ್ಟು ಬಂದ್ರಮ್ಮ ನಮ್ಮ ಹುಡುಗರು. ತಾಯಿ ಪಾತ್ರ ಖಾಲಿ ಐತೆ, ಅದಕ್ಕಂತಲೇ ನಿನ್ನ ಕೂಗಿಸಿ ನೋಡಿದ್ದು. ಬೇಕಂದ್ರೆ ಈಗ್ಲೇ ಕೊಡ್ತೀವಿ."

ನಮ್ಮ ಕಡೆಯ ನಾಟಕದವರಲ್ಲಿ ಒಂದು ಬರೆಯದ ಕಾಯಿದೆ ಇದೆ. ಒಮ್ಮೆ ತಾಯಿ ಪಾತ್ರ ಕಟ್ಟಿದವಳಿಗೆ ಮತ್ತೆ ನಾಯಕಿಯ ವೀಳ್ಯ ಬರುವುದಿಲ್ಲ. ಅದು ನನಗೆ ಗೊತ್ತಿತ್ತು, ಆಕೆಗೆ ನನಗಿಂತ ಹೆಚ್ಚು ಗೊತ್ತಿತ್ತು. ಆಕೆಯ ಮನೆಯಲ್ಲಿ ಓದುವ ಇಬ್ಬರು ಹೆಣ್ಣುಮಕ್ಕಳಿದ್ದರು. ಆಕೆ ಸೆರಗು ಒಡ್ಡಿ ಎಲೆ ಅಡಿಕೆ ಹಾಕಿಸಿಕೊಂಡರು.

ಟೆಂಪೋ ಸಿಗುವವರೆಗೆ ಎರಡು ಮೈಲಿ ನಡೆದೆವು. ಅರ್ಧ ದಾರಿಯಲ್ಲಿ "ತಪ್ಪಾತ್ರಿ ಅಕ್ಕಾರ," ಅಂದೆ.

"ಹೊಟ್ಟಿ ಮ್ಯಾಲ ಹೊಡದ್ರಲ್ರೀ," ಅಂದರು. ದನಿ ಏರಲಿಲ್ಲ. "ನನಗ ಹೇಳಿ ಏನು ಉಪಯೋಗ? ನನ್ನ ಗಂಟಲು ನನಗ ಗೊತ್ತಿಲ್ಲೇನು? ಸುಳ್ಳು ಒಬ್ಬರಿಗೆ ಹೇಳಿದ್ರಿ, ಅದು ತಾನಾ ಊರೂರಿಗೆ ಹೋತು. ಖರೇ ಹಂಗ ಹೋಗೋದಿಲ್ಲ. ನೀವಾ ಹೋಗಿ ಹೇಳ್ಬೇಕು." ಆಮೇಲೆ ಹಿಂದಿನ ವರ್ಷ ತನಗೆ ವೀಳ್ಯ ಕೊಟ್ಟು ಈ ವರ್ಷ ಕೊಡದ ಊರುಗಳ ಹೆಸರನ್ನು ಒಂದೊಂದಾಗಿ ಹೇಳತೊಡಗಿದರು. ನಾನು ಕಿಸೆಯಲ್ಲಿದ್ದ ಬಸ್ ಟಿಕೆಟ್ಟಿನ ಹಿಂದೆ ಬರೆದುಕೊಂಡೆ. ಜಾಗ ಸಾಲದೆ ಅಂಗೈ ಮೇಲೂ ಬರೆದುಕೊಂಡೆ. ಹತ್ತೊಂಬತ್ತು ಊರು.

ಕೊಟ್ಟೂರಿಗೆ ಬಂದ ವಾರದಲ್ಲೇ ಹೊರಟೆ. ಮೊದಲು ಕೂಡ್ಲಿಗಿ ತಾಲೂಕಿನ ಎರಡು ಊರಿಗೆ ಹೋದೆ. ಹೇಳಿದೆ. ಕೇಳಿಸಿಕೊಂಡರು, ಟೀ ಕೊಟ್ಟರು, ನಮ್ಮ ಹಳೇ ಟೇಪು ಒಂದಿದೆ, ಸ್ವಚ್ಛ ಮಾಡಿಕೊಡುತ್ತೀರಾ ಎಂದು ಕೇಳಿದರು. ಮೂರನೆಯ ಊರಿನಲ್ಲಿ ಕಮಿಟಿಯವರು ಯಾರೂ ಸಿಗಲಿಲ್ಲ. ನಾಲ್ಕನೆಯದು ಹೊಳಲಿನ ಹತ್ತಿರ. ಅಲ್ಲಿನ ಹಿರಿಯರು ನನ್ನ ಮಾತನ್ನು ಪೂರಾ ಕೇಳಿದರು. ನಂಬಿದರು ಕೂಡ. ಅಲ್ಲಿಯವರೆಗೆ ನನ್ನನ್ನು ನಂಬಿದವರು ಅವರೊಬ್ಬರೇ.

"ನೀವು ಹೇಳೋದು ಖರೇನಾ ಇದ್ದೀತು," ಅಂದರು. "ಅಕಿ ದನಿ ನಾವು ಕೇಳದ್ದೇನು? ಆದ್ರ ಈಗ ಅಕಿ ತಾಯಿ ಪಾತ್ರ ಕಟ್ಟಾಕ ಹತ್ಯಾಳಂತಲ್ರಿ. ತಾಯಿ ಪಾತ್ರದಕಿನ್ನ ತಂದು ನಾಯಕಿ ಮಾಡಿದ್ರ ಊರವ್ರು ನಗೋದಿಲ್ಲೇನು?"

ಅವರು ತರಿಸಿದ ಟೀ ಕುಡಿದು ಎದ್ದೆ. ಇನ್ನೂ ಹದಿನೈದು ಊರು ಉಳಿದಿದ್ದವು. ಆ ವಾರ ಕೆಲಸ ಬಹಳ ಇತ್ತು, ಮುಂದಿನ ವಾರ ಹೋಗೋಣ ಅಂದುಕೊಂಡೆ. ಹೋಗಲಿಲ್ಲ.